ಸೈಕಲ್ಲುಗಳನ್ನು ಹೊತ್ತು ನಂದಿಯ ತಪ್ಪಲಿಗೆ

ಹಿಂದಿನ ಕಾಲದಲ್ಲಿ ಸೈಕಲ್ಲು ಸಂಸಾರವನ್ನು ಹೊರುತ್ತಿದ್ದಿತು. ಮುಂದಿನ ಅಡ್ಡಕಂಬಿಯ ಮೇಲೆ ಮಗು, ಹಿಂದಿನ ಕ್ಯಾರಿಯರಿನ ಮೇಲೆ ಮನೆಯಾಕೆ, ನಡುವೆ ಪೆಡಲು ತುಳಿಯುವ ಯಜಮಾನರು, ಹ್ಯಾಂಡಲಿಗೆ ತೂಗುವ ತರಕಾರಿಯ ಚೀಲ. ಇದು ನಮ್ಮ ಊರುಗಳ ಬೀದಿಯಲ್ಲಿ ದಿನವೂ ಕಾಣುತ್ತಿದ್ದ ನೋಟ. ಈಗ ಕಾಲವು ತಿರುಗಿ, ಸಂಸಾರವೇ ಸೈಕಲ್ಲುಗಳನ್ನು ಹೊತ್ತುಕೊಂಡು ಹೊರಡುವಂತಾಗಿದೆ. ರಜೆಯ ದಿನದ ಮುಂಜಾನೆ ಹೆಬ್ಬಾಳದ ಮೇಲ್ಸೇತುವೆಯ ಬಳಿ ನಿಂತು ನೋಡಿದರೆ, ಬೆನ್ನಿಗೆ ಎರಡು ಮೂರು ಸೈಕಲ್ಲುಗಳನ್ನು ಕಟ್ಟಿಕೊಂಡ ಕಾರುಗಳು ಉತ್ತರಾಭಿಮುಖವಾಗಿ ಸಾಗುವುದು ಕಾಣುವುದು. ತುಳಿಯಬೇಕಾದುದನ್ನು ಹೊತ್ತುಕೊಂಡು ಹೋಗುವುದೇನೆಂದು ನಗುವವರೂ ಉಂಟು. ಆದರೆ ಮಕ್ಕಳೊಂದಿಗೆ ಬಳ್ಳಾರಿ ರಸ್ತೆಗೆ ಇಳಿದು ನೋಡಿದವರು ನಗಲಾರರು.

ಬೆಂಗಳೂರಿನ ಉತ್ತರ ಭಾಗದ ನಿವಾಸಿಗಳಿಗೆ, ರವೀಂದ್ರನಾಥ ಠಾಕೂರರ ಹೆಸರನ್ನು ಹೊತ್ತ ಆರ್.ಟಿ. ನಗರದವರಿಗಾಗಲಿ, ಹೆಬ್ಬಾಳ ಯಲಹಂಕಗಳವರಿಗಾಗಲಿ, ಊರ ಹೊರಗಿನ ದಾರಿಯೆಂದರೆ ಈ ರಸ್ತೆಯೇ. ಹೆಬ್ಬಾಳದ ಕೆರೆಯನ್ನು ದಾಟಿ, ಕೃಷಿ ವಿಶ್ವವಿದ್ಯಾನಿಲಯದ ತೋಪುಗಳನ್ನೂ ಜಕ್ಕೂರಿನ ವಿಮಾನ ಮೈದಾನವನ್ನೂ ಹಾಯ್ದು, ಯಲಹಂಕದ ವಾಯುಸೇನೆಯ ನೆಲೆ, ಚಿಕ್ಕಜಾಲ, ದೇವನಹಳ್ಳಿಗಳ ಮೇಲೆ ಅದು ಚಿಕ್ಕಬಳ್ಳಾಪುರದ ಕಡೆಗೆ ಹೋಗುವುದು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆದ ತರುವಾಯ ಈ ದಾರಿಯ ವೇಗವೇ ಬೇರೆಯಾಯಿತು. ವಿಮಾನಕ್ಕೆ ಹೊತ್ತಾಯಿತೆಂದು ಧಾವಿಸುವ ಬಾಡಿಗೆ ಕಾರುಗಳ ನಡುವೆ ಹತ್ತು ವರ್ಷದ ಬಾಲಕನೊಬ್ಬನು ತನ್ನ ಪುಟ್ಟ ಸೈಕಲ್ಲನ್ನು ತುಳಿಯುವುದೆಂದರೆ ಯಾವ ತಾಯಿಯ ಎದೆಯೂ ಒಪ್ಪದು.

ಹಾಗೆಂದು ಮಕ್ಕಳ ಸವಾರಿಯು ಮನೆಯ ಮುಂದಿನ ಗಲ್ಲಿಯಲ್ಲಿಯೇ ಮುಗಿಯಬೇಕೆಂದಿಲ್ಲ. ಹೆಬ್ಬಾಳದಿಂದ ಸುಮಾರು 50 ಕಿಲೋಮೀಟರು ದೂರದಲ್ಲಿ, ನಂದಿಬೆಟ್ಟದ ತಪ್ಪಲಿನಲ್ಲಿ, ಬೇರೊಂದು ಲೋಕವೇ ಇರುವುದು. ಬೆಟ್ಟದ ಮೇಲಕ್ಕೆ ಏರುವ ತಿರುವುಗಳ ದಾರಿಯನ್ನು ನಾನು ಹೇಳುತ್ತಿಲ್ಲ. 1,478 ಮೀಟರು ಎತ್ತರದ ಆ ಶಿಖರದ ರಸ್ತೆಯು ರಜೆಯ ಬೆಳಗ್ಗೆ ಮೋಟಾರು ಸೈಕಲ್ಲುಗಳಿಂದಲೂ ಕಾರುಗಳಿಂದಲೂ ಕಿಕ್ಕಿರಿದಿರುತ್ತದೆ. ಅದು ಬಲಿತ ಕಾಲುಗಳಿಗೆ ತಕ್ಕದ್ದು. ನಾನು ಹೇಳುವುದು ಕೆಳಗಿನ ಹಳ್ಳಿದಾರಿಗಳನ್ನು. ನಂದಿ ಗ್ರಾಮದಲ್ಲಿ ಒಂಬತ್ತನೆಯ ಶತಮಾನದಷ್ಟು ಹಳೆಯದಾದ ಭೋಗನಂದೀಶ್ವರನ ಗುಡಿಯುಂಟು. ಅದರ ಕಲ್ಯಾಣಿಯ ಮೆಟ್ಟಿಲಿನ ಮೇಲೆ ಕುಳಿತರೆ ದಣಿವೆಲ್ಲ ಇಳಿಯುವುದು. ಅಲ್ಲಿಂದ ಕೆಲವೇ ಕಿಲೋಮೀಟರು ತುಳಿದರೆ, ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ. ಇತ್ತ ದ್ರಾಕ್ಷಿಯ ಚಪ್ಪರ, ಅತ್ತ ಹಿಪ್ಪುನೇರಳೆಯ ಹೊಲ, ನಡುವೆ ರಾಗಿಯ ತೆನೆ. ಮರಳುವಾಗ, ಕಾಲವು ಕೂಡಿಬಂದರೆ, ದೇವನಹಳ್ಳಿಯಲ್ಲಿ ಚಕ್ಕೋತದ ಹಣ್ಣು ಕೊಳ್ಳಬಹುದು. ಇನ್ನೂ ಹತ್ತಿರ ಬೇಕೆನ್ನುವವರಿಗೆ, ದೇವನಹಳ್ಳಿಯ ಆಚೆಯ ಆವತಿಯುಂಟು. ಬೆಂಗಳೂರನ್ನು ಕಟ್ಟಿಸಿದ ಕೆಂಪೇಗೌಡರ ಪೂರ್ವಜರು ಮೊದಲು ನೆಲೆನಿಂತ ಊರು ಅದೆಂದು ಪ್ರತೀತಿ.

ಈ ತಪ್ಪಲಿಗೂ ನಮ್ಮ ಮನೆಗೂ ನಡುವೆ ಇರುವ ಹೆದ್ದಾರಿಯನ್ನು ದಾಟಿಸುವುದಕ್ಕಾಗಿ ಕಾರಿಗೆ ಸೈಕಲ್ಲುಗಳನ್ನು ಏರಿಸುವುದು. ಆದುದರಿಂದ ಸೈಕಲ್ ರ್ಯಾಕನ್ನು ಆರಿಸುವವರು ಮೊದಲು ಅಂಗಡಿಗೆ ಹೋಗತಕ್ಕದ್ದಲ್ಲ. ಎಲ್ಲಿಗೆ ಹೋಗುವೆವು, ಎಷ್ಟು ಮಂದಿ, ವರ್ಷದಲ್ಲಿ ಎಷ್ಟು ಸಲ ಎಂಬುದನ್ನು ಮನೆಯವರೆಲ್ಲ ಕುಳಿತು ಮಾತಾಡಿಕೊಂಡು, ಆ ಮೇಲೆ ಕೈಚೀಲವನ್ನು ಬಿಚ್ಚುವುದು ಲೇಸು. ವರ್ಷಕ್ಕೆ ಎರಡೇ ಸಲ ಹೋಗುವ ಮನೆಯವರು, ಸೈಕಲ್ಲಿನ ಮುಂದಿನ ಚಕ್ರವನ್ನು ಕಳಚಿ ಹಿಂದಿನ ಸೀಟನ್ನು ಮಡಿಸಿ ಒಳಗೇ ಇಟ್ಟುಕೊಂಡರೆ ಏನೂ ಕೆಡದು.

ರ್ಯಾಕುಗಳಲ್ಲಿ ಮೂರು ಬಗೆ. ಮೊದಲನೆಯದು ಕಾರಿನ ಮಾಳಿಗೆಯ ಮೇಲೆ ನಿಲ್ಲಿಸುವುದು. ಇದರಲ್ಲಿ ನಂಬರು ಫಲಕವೂ ದೀಪಗಳೂ ಮರೆಯಾಗುವುದಿಲ್ಲ. ಆದರೆ 15 ಕಿಲೋ ತೂಕದ ಸೈಕಲ್ಲನ್ನು ತಲೆಗಿಂತ ಮೇಲಕ್ಕೆ ಎತ್ತಬೇಕು. ಮೇಲಿರುವುದನ್ನು ಮರೆತು ವಸತಿ ಸಮುಚ್ಚಯದ ನೆಲಮಾಳಿಗೆಯೊಳಕ್ಕೆ ನುಗ್ಗಿದರೆ ಕಾರಿಗೂ ಸೈಕಲ್ಲಿಗೂ ಒಮ್ಮೆಗೇ ಹಾನಿ. ಎರಡನೆಯದು ಡಿಕ್ಕಿಯ ಬಾಗಿಲಿಗೆ ಪಟ್ಟಿಗಳಿಂದ ಬಿಗಿಯುವುದು. ಅಗ್ಗವೇನೋ ಸರಿ, ಆದರೆ ಭಾರವೆಲ್ಲ ತೆಳುವಾದ ಬಾಗಿಲಿನ ಮೇಲೆಯೂ ಪಟ್ಟಿಯ ಕೊಕ್ಕೆಗಳ ಮೇಲೆಯೂ ಬೀಳುವುದು. ಪಟ್ಟಿಯು ಸಡಿಲಾಯಿತೇ ಎಂದು ದಾರಿಯುದ್ದಕ್ಕೂ ಚಿಂತೆ ತಪ್ಪದು. ಮೂರನೆಯದು, ಕಾರಿನ ಹಿಂಭಾಗದ ಅಡಿಯಲ್ಲಿ ಚಾಸಿಗೆ ಬೋಲ್ಟು ಹಾಕಿ ಕೂಡಿಸಿದ, ಗಾಡಿ ಎಳೆಯುವ ಕೊಂಡಿಗೆ ಜೋಡಿಸುವುದು. ಈ ಕೊಂಡಿಯನ್ನು ವ್ಯಾಪಾರದವರು 'ಟೋ ಹಿಚ್' ಎನ್ನುವರು. ಭಾರವು ಗಾಡಿಯ ಅಸ್ಥಿಗೆ ತಗಲುವುದರಿಂದಲೂ, ಸೈಕಲ್ಲನ್ನು ಮೊಣಕಾಲಿನ ಎತ್ತರಕ್ಕೆ ಎತ್ತಿದರೆ ಸಾಕಾಗುವುದರಿಂದಲೂ, ಸಂಸಾರಸ್ಥರಿಗೆ ಮೂರರಲ್ಲಿ ಇದೇ ಹೆಚ್ಚು ಒಪ್ಪುವಂಥದು; ಆದರೆ ಕೆಲವು ನಿಯಮಗಳಿಗೆ ಒಳಪಟ್ಟು.

ಮೊದಲನೆಯ ನಿಯಮವು ಭಾರದ್ದು. ಅಮೆರಿಕದಲ್ಲಿ ಈ ಕೊಂಡಿಯು ಚೌಕದ ಕೊಳವೆಯಾಗಿದ್ದು, ಎರಡು ಅಂಗುಲದ್ದೆಂದೂ ಒಂದೂಕಾಲು ಅಂಗುಲದ್ದೆಂದೂ ಎರಡು ಅಳತೆಗಳಲ್ಲಿ ದೊರೆಯುವುದು. ಯೂರೋಪಿನಲ್ಲಿ 50 ಮಿಲಿಮೀಟರಿನ ಗುಂಡು. ನಮ್ಮಲ್ಲಿ ಬಹುಪಾಲು ಕಾರುಗಳಿಗೆ ಇದು ಹುಟ್ಟಿನಿಂದ ಬಂದುದಲ್ಲ, ಆ ಮೇಲೆ ಕೂಡಿಸತಕ್ಕದ್ದು. ಆದಕಾರಣ ಕೊಂಡಿಯ ಅಳತೆಗೆ ರ್ಯಾಕಿನ ಅಳತೆ ಒಪ್ಪುವುದೇ ಎಂಬುದನ್ನು ಮೊದಲು ನೋಡಬೇಕು. ಅದಕ್ಕಿಂತ ಮುಖ್ಯವಾದುದು, ಕೊಂಡಿಯ ಮೇಲೆ ನೇರವಾಗಿ ಕೆಳಮುಖವಾಗಿ ಎಷ್ಟು ಭಾರ ಹೇರಬಹುದೆಂಬ ಮಿತಿ. ಸಾವಿರ ಕಿಲೋ ಎಳೆಯಬಲ್ಲುದೆಂದು ಅಂಗಡಿಯವರು ಹೇಳಿದರೆ ಹಿಗ್ಗಬಾರದು. ಎಳೆಯುವ ಶಕ್ತಿಯೇ ಬೇರೆ, ಹೊರುವ ಶಕ್ತಿಯೇ ಬೇರೆ. ಎತ್ತು ಬಂಡಿಯನ್ನು ಎಳೆದೀತು, ಆ ಬಂಡಿಯ ಹೇರನ್ನೆಲ್ಲ ಬೆನ್ನಮೇಲೆ ಹೊತ್ತೀತೆ?

ಭಾರವನ್ನು ಲೆಕ್ಕಹಾಕದೆ ಏನನ್ನೂ ಕಟ್ಟದ ಇಂಜಿನಿಯರರ ಊರಿಗೆ ಹೊರಟವರು ತಮ್ಮ ಹೇರನ್ನೂ ಲೆಕ್ಕಹಾಕುವುದು ಉಚಿತವಷ್ಟೆ. ಯಜಮಾನರ ಸೈಕಲ್ಲು 15 ಕಿಲೋ, ಮನೆಯಾಕೆಯದು 14, ಮಕ್ಕಳ ಎರಡು 11ರಂತೆ 22, ಒಟ್ಟು 51. ರ್ಯಾಕಿನದೇ 20 ಎಂದಿಟ್ಟುಕೊಂಡರೆ 71 ಕಿಲೋ ಆಯಿತು. ಕೊಂಡಿಯ ಮಿತಿಯು 75 ಇದ್ದರೆ ನಾಲ್ಕೇ ಕಿಲೋ ಉಳಿತಾಯ. ಯಜಮಾನರು ನಾಳೆ 24 ಕಿಲೋ ತೂಗುವ ವಿದ್ಯುತ್ ಸೈಕಲ್ಲನ್ನು ಕೊಂಡರೆ ಲೆಕ್ಕವು ಮೀರಿಹೋಗುವುದು. ಮೇಲಾಗಿ ಈ ಭಾರವು ನಿಂತಲ್ಲಿ ನಿಲ್ಲುವಂಥದಲ್ಲ. ಏತದ ತುದಿಯಲ್ಲಿ ತೂಗುವ ಕೊಡದಂತೆ ಕಾರಿನಿಂದ ಹಿಂದಕ್ಕೆ ಚಾಚಿಕೊಂಡಿರುವುದು. ರಸ್ತೆಯ ಉಬ್ಬನ್ನು ಹಾರಿಸಿದಾಗಲೆಲ್ಲ ಕೊಂಡಿಯ ಮೇಲೆ ಬೀಳುವ ಪೆಟ್ಟು ತೂಕಕ್ಕಿಂತ ಎಷ್ಟೋ ಹೆಚ್ಚು. ನಮ್ಮ ಬೀದಿಗಳಲ್ಲಿ ಉಬ್ಬುಗಳಿಗೆ ಬಡತನವಿಲ್ಲವೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಯಶವಂತಪುರ, ಪೀಣ್ಯಗಳ ಕಡೆ ಕಬ್ಬಿಣವನ್ನು ಬೆಸೆಯುವ ನುರಿತ ಕೈಗಳು ಬೇಕಾದಷ್ಟಿವೆ. ಅಂಥವರಿಂದ ಅಗ್ಗವಾಗಿ ಕೊಂಡಿಯೊಂದನ್ನು ಮಾಡಿಸೋಣವೆಂಬ ಆಸೆ ಸಹಜ. ಆದರೆ ಬೆಸುಗೆ ನೋಡಲು ಎಷ್ಟು ಚೆನ್ನಾಗಿದ್ದರೂ, ಅದು ಹೊರುವ ಭಾರವನ್ನು ಪರೀಕ್ಷಿಸಿ ಬರೆದುಕೊಟ್ಟ ಚೀಟಿಯಿಲ್ಲದಿದ್ದರೆ, ಹಿಂದೆ ಬರುವ ದ್ವಿಚಕ್ರದ ಸವಾರನ ಪ್ರಾಣವನ್ನು ಆ ಬೆಸುಗೆಗೆ ಒಪ್ಪಿಸಿದಂತೆಯೇ ಸರಿ.

ಎರಡನೆಯದು ರ್ಯಾಕಿನ ಆಕಾರ. ಒಂದು ಬಗೆಯಲ್ಲಿ ಎರಡು ತೋಳುಗಳು ಚಾಚಿದ್ದು, ಸೈಕಲ್ಲುಗಳನ್ನು ಅವುಗಳ ಮೇಲಿನ ಕಂಬಿಯಿಂದ ತೂಗುಹಾಕುವರು. ಇದು ಹಗುರ, ಬೆಲೆಯೂ ಕಡಮೆ. ಆದರೆ ಹೆಂಗಸರ ಸೈಕಲ್ಲಿಗೂ ಮಕ್ಕಳ ಸೈಕಲ್ಲಿಗೂ ಮೇಲಿನ ಕಂಬಿಯು ಇಳಿಜಾರಾಗಿರುವುದು, ಇಲ್ಲವೆ ಇರುವುದೇ ಇಲ್ಲ. ಬೇರೊಂದು ಅಡ್ಡಕಂಬಿಯನ್ನು ಸಿಕ್ಕಿಸದೆ ಅವು ನಿಲ್ಲಲಾರವು. ನಿಂತರೂ ಒಂದಕ್ಕೊಂದು ಬಡಿದುಕೊಳ್ಳುವುವು. ಇನ್ನೊಂದು ಬಗೆಯಲ್ಲಿ ಚಕ್ರಗಳು ತಟ್ಟೆಯಂಥ ಓಣಿಯಲ್ಲಿ ಕೂರುವುವು. ಇದು ತೂಕವೂ ಬೆಲೆಯೂ ಹೆಚ್ಚಾದುದಾದರೂ, ಬೇರೆ ಬೇರೆ ಗಾತ್ರದ ಸೈಕಲ್ಲುಗಳಿರುವ ಸಂಸಾರಕ್ಕೆ ಇದೇ ಮೇಲು. ಕೊಳ್ಳುವಾಗ ಮನೆಯ ಅತ್ಯಂತ ಚಿಕ್ಕ ಸೈಕಲ್ಲನ್ನು ಅಂಗಡಿಗೆ ಒಯ್ದು ನಿಲ್ಲಿಸಿ ನೋಡತಕ್ಕದ್ದು; ದೊಡ್ಡದು ಎಲ್ಲಿಯಾದರೂ ನಿಂತೀತು. ಹಾಗೆಯೇ ಏರಿಸಿ ಇಳಿಸುವ ಕೆಲಸವನ್ನು ಮನೆಯಲ್ಲಿ ಬಲ ಕಡಮೆಯುಳ್ಳವರಿಂದಲೇ ಒಮ್ಮೆ ಮಾಡಿಸಿ ನೋಡುವುದು ಒಳ್ಳೆಯದು. ರ್ಯಾಕು ಹಿಂದಕ್ಕೆ ಬಾಗುವಂತಿದ್ದರೆ, ಬುತ್ತಿಯ ಡಬ್ಬಿ ತೆಗೆಯಲು ಸೈಕಲ್ಲುಗಳನ್ನೆಲ್ಲ ಇಳಿಸಬೇಕಾಗುವುದಿಲ್ಲ.

ಮೂರನೆಯದು ನಮ್ಮ ಬೀದಿ. ಆರ್.ಟಿ. ನಗರದಂಥ ಕಡೆ ಕಾರುಗಳು ಮನೆಯ ಮುಂದೆ ಒತ್ತೊತ್ತಾಗಿ ನಿಲ್ಲುವುವು. ಚಾಚಿಕೊಂಡ ರ್ಯಾಕು ನಡೆಯುವವರ ಮೊಣಕಾಲಿಗೆ ತಗಲುವುದು. ಸವಾರಿ ಮುಗಿದೊಡನೆ ಕಳಚಿ ಒಳಗಿಡಲು ಸ್ಥಳವುಂಟೇ ಎಂದು ಯೋಚಿಸಬೇಕು. ಯಲಹಂಕದ ಹೊಸ ವಸತಿ ಸಮುಚ್ಚಯಗಳಲ್ಲಿ ನೆಲಮಾಳಿಗೆಯ ಇಳಿಜಾರನ್ನು ಏರುವಾಗ ಕಾರಿನ ಬಾಲವು ನೆಲಕ್ಕೆ ತಗ್ಗುವುದು. ಆಗ ತಗ್ಗಾದ ರ್ಯಾಕು ಉಜ್ಜದೆ ಬಿಡದು. ಹೊಗೆಕೊಳವೆಯ ಬಿಸಿಯು ನೇರವಾಗಿ ಸೈಕಲ್ಲಿನ ಟೈರಿಗೆ ಬಡಿಯದಂತೆಯೂ ನೋಡಿಕೊಳ್ಳಬೇಕು.

ನಾಲ್ಕನೆಯದು ಕಾಯಿದೆ. ಬೆಂಗಳೂರು ಉತ್ತರದ ಕೆಎ 04 ಆಗಲಿ, ಯಲಹಂಕದ ಕೆಎ 50 ಆಗಲಿ, ನಂಬರು ಫಲಕವು ಹಿಂದಿನಿಂದ ಸ್ಪಷ್ಟವಾಗಿ ಕಾಣುತ್ತಿರಬೇಕು, ರಾತ್ರಿ ಬೆಳಕಿನಲ್ಲಿ ಓದಬರಬೇಕು. ಸೈಕಲ್ಲಿನ ಚಕ್ರಗಳು ಇದನ್ನೇ ಮೊದಲು ಮರೆಮಾಡುವುವು. ಜೊತೆಗೆ ಬ್ರೇಕಿನ ದೀಪವನ್ನೂ ತಿರುವಿನ ದೀಪವನ್ನೂ ಮುಚ್ಚುವುವು. ಯೂರೋಪಿನಲ್ಲಿ ರ್ಯಾಕಿಗೇ ಬೇರೆ ದೀಪಗಳ ಹಲಗೆಯನ್ನೂ ಫಲಕದ ಸ್ಥಾನವನ್ನೂ ಕೊಟ್ಟು, ಕಾರಿನ ವಿದ್ಯುತ್ ತಂತಿಗೆ ಜೋಡಿಸುವರು. ನಮ್ಮಲ್ಲಿ 2019ರ ಏಪ್ರಿಲ್‌ನಿಂದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ನಂಬರು ಫಲಕವು ಕಡ್ಡಾಯವಾಗಿರುವುದರಿಂದ, ಬೀದಿಯಲ್ಲಿ ಬರೆಯಿಸಿದ ನಕಲು ಅದಕ್ಕೆ ಬದಲಾಗಲಾರದು. ತಯಾರಕರ ವಿವರಣೆಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು ಹೇಳುವುದು. ಕಾರಿನ ಮುಂದೆ ಕೂಡಿಸುತ್ತಿದ್ದ ಕಬ್ಬಿಣದ ತಡೆಗಂಬಿಗಳನ್ನು ಕೇಂದ್ರ ಸರಕಾರವು 2017ರಲ್ಲಿ ತಡೆದುದು ಈ ಪ್ರಕರಣದ ಆಧಾರದ ಮೇಲೆಯೇ. ಆದಕಾರಣ ಕೊಂಡಿ ಹಾಕಿಸುವ ಮೊದಲು ಕಾರಿನ ತಯಾರಕರು ಅದಕ್ಕೆ ಒಪ್ಪುವರೇ ಎಂಬುದನ್ನೂ, ಸಾರಿಗೆ ಕಚೇರಿಯ ಮತ್ತು ವಿಮೆಯವರ ಅಭಿಪ್ರಾಯವನ್ನೂ ಬರವಣಿಗೆಯಲ್ಲಿ ತಿಳಿದುಕೊಳ್ಳುವುದು ಜಾಣತನ. ಒಪ್ಪಿಗೆ ದೊರೆಯದಿದ್ದರೆ ಮಾಳಿಗೆಯ ರ್ಯಾಕೇ ಗತಿ. ಅದರಲ್ಲಿ ಅವಮಾನವೇನೂ ಇಲ್ಲ.

ಇನ್ನು ಹೊರಡುವ ದಿನದ ಮಾತು. ಅತ್ಯಂತ ಭಾರವಾದ ಸೈಕಲ್ಲು ಕಾರಿಗೆ ಹತ್ತಿರವಿರಲಿ, ಮಕ್ಕಳದು ಹೊರಗಿರಲಿ. ಒಂದರ ಹ್ಯಾಂಡಲು ಎಡಕ್ಕಾದರೆ ಮುಂದಿನದು ಬಲಕ್ಕೆ. ನೀರಿನ ಬಾಟಲಿ, ಪಂಪು, ಕೂಸಿನ ಆಸನ ಮುಂತಾದುವನ್ನು ಕಳಚಿ ಒಳಗಿಡಬೇಕು. ಚಕ್ರಗಳು ಗಾಳಿಗೆ ತಿರುಗದಂತೆ ಪಟ್ಟಿ ಬಿಗಿದು, ಕೊಂಡಿಯ ಮೊಳೆ ಕೂತಿದೆಯೇ ಎಂದು ಕೈಯಿಟ್ಟು ನೋಡಿ, ರ್ಯಾಕನ್ನು ಹಿಡಿದು ಬಲವಾಗಿ ಅಲುಗಿಸಬೇಕು. ಸೈಕಲ್ಲುಗಳ ಜೊತೆಗೆ ಕಾರೂ ಅಲುಗಿದರೆ ಸರಿ. ಸೈಕಲ್ಲುಗಳು ಮಾತ್ರ ಅಲುಗಿದರೆ ಬಿಗಿತ ಸಾಲದು. ಯಲಹಂಕ ದಾಟಿದ ಮೇಲೆ ಎಲ್ಲಿಯಾದರೂ ಸುರಕ್ಷಿತವಾಗಿ ನಿಲ್ಲಿಸಿ ಇನ್ನೊಮ್ಮೆ ನೋಡತಕ್ಕದ್ದು, ಏಕೆಂದರೆ ಹೊಸದಾಗಿ ಬಿಗಿದ ಪಟ್ಟಿಯು ಮೊದಲ ಕೆಲವು ಮೈಲಿಗಳಲ್ಲಿಯೇ ಸಡಿಲವಾಗುವುದು. ವೇಗವನ್ನು ತಗ್ಗಿಸಿ ಎಡಗಡೆಯಲ್ಲಿ ಸಾಗುವುದು; ಹಿಂದಕ್ಕೆ ತೆಗೆಯುವಾಗ ಒಬ್ಬರು ಇಳಿದು ದಾರಿ ತೋರುವುದು.

ಹೀಗೆ ಇಷ್ಟೆಲ್ಲ ಮಾಡಿ ಹೋದದ್ದೇಕೆಂದು ಕೇಳಿದರೆ, ಉತ್ತರವು ನಂದಿಯ ಹಳ್ಳಿದಾರಿಯಲ್ಲಿ ಸಿಕ್ಕುವುದು. ಅಲ್ಲಿ ಸಂಸಾರದ ವೇಗವನ್ನು ಗೊತ್ತುಮಾಡುವವರು ಯಜಮಾನರಲ್ಲ, ಎಲ್ಲರಿಗಿಂತ ಚಿಕ್ಕ ಚಕ್ರದವರು. ಅವರು ನಿಂತಲ್ಲಿ ಎಲ್ಲರೂ ನಿಲ್ಲುವರು. ಅವರು ತೋರಿಸಿದ ಹಕ್ಕಿಯನ್ನು ಎಲ್ಲರೂ ನೋಡುವರು. ರ್ಯಾಕನ್ನು ಆರಿಸುವಾಗಲೂ ಇದೇ ಕ್ರಮವಿರಲಿ. ಕಾರಿನ ಅಂದಕ್ಕಾಗಲಿ ನೆರೆಯವರ ಮೆಚ್ಚಿಕೆಗಾಗಲಿ ಅಲ್ಲ, ಮನೆಯ ಅತ್ಯಂತ ಚಿಕ್ಕ ಸೈಕಲ್ಲು ಭದ್ರವಾಗಿ ಹೋಗಿ ಭದ್ರವಾಗಿ ಮರಳುವಂತೆ ನೋಡಿ ಕೊಂಡ ರ್ಯಾಕೇ ಒಳ್ಳೆಯ ರ್ಯಾಕು. ಉಳಿದವರೆಲ್ಲರ ಸೈಕಲ್ಲುಗಳು ಅದರ ಹಿಂದೆ ತಾವಾಗಿಯೇ ಬರುವುವು.