ಕುರಿಮರಿಯ ಪಟವೂ ಮೂರು ಭಾಷೆಯ ಫಲಕವೂ

ಹೊಸೂರಿನಿಂದ ಬಾಗಲೂರಿನ ಮಾರ್ಗವಾಗಿ ಬರುವ ಬಸ್ಸು ನಮ್ಮ ಬೇರಿಕೆಯಲ್ಲಿ ನಿಂತಾಗ ಇಳಿಯುವವರ ಬಾಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಕೇಳಿಬರುತ್ತವೆ. 1956ರಲ್ಲಿ ರಾಜ್ಯಗಳ ಎಲ್ಲೆ ಗೊತ್ತಾದಾಗ ನಾವು ಮದರಾಸಿನ ಕಡೆಗೆ ಉಳಿದೆವು. 2004ರಿಂದ ಕೃಷ್ಣಗಿರಿ ಜಿಲ್ಲೆಯವರಾಗಿದ್ದೇವೆ. ಇಂಥ ಊರಿನ ಒಂದು ಮನೆಯ ಗೋಡೆಯ ಮೇಲಿದ್ದ ಪಟವೇ ನಮ್ಮ ಈ ಸಣ್ಣ ಪ್ರವಾಸಕ್ಕೆ ಕಾರಣವಾಯಿತು.

ನೆರೆಮನೆಯ ಮೇಷ್ಟ್ರು ಕ್ರೈಸ್ತರು, ನಿವೃತ್ತರಾಗಿ ಬಹುಕಾಲವಾಗಿದೆ. ಅವರ ತಾಯಿ ತವರಿನಿಂದ ತಂದ ಆ ಪಟದಲ್ಲಿ ಏಳು ಮುದ್ರೆಗಳ ಪುಸ್ತಕದ ಮೇಲೆ ಬಿಳಿಯ ಕುರಿಮರಿಯೊಂದು ಮಲಗಿದೆ. ಅದರ ಹೆಗಲಿಗೊರಗಿ ಕೆಂಪು ಶಿಲುಬೆಯ ಧ್ವಜ. ಅಡಿಯಲ್ಲಿ ಕನ್ನಡದ ಒಂದು ಸಾಲು. ಮೊಮ್ಮಗ ತಮಿಳು ಶಾಲೆಯ ಹುಡುಗ. ಒಂದು ಸಂಜೆ ನಾನೂ ಇದ್ದಾಗ, "ತಾತ, ದೇವರ ಪಟದಲ್ಲಿ ಕುರಿ ಯಾಕಿದೆ?" ಎಂದ. "ಅದೇ ಯೇಸುಸ್ವಾಮಿ ಕಣಪ್ಪ" ಎಂದರು ಮೇಷ್ಟ್ರು. "ಸ್ವಾಮಿ ಯಾಕೆ ಕುರಿಯಾದರು?" ಎಂದು ಅವನು ಬಿಡಲಿಲ್ಲ. ಮೇಷ್ಟ್ರು ಸುಮ್ಮನಾದರು. ಹುಡುಗ ಹೊರಗೆ ಹೋದಮೇಲೆ, "ಅವನಿಗೆ ಕೆಳಗಿನ ಅಕ್ಷರ ಓದಲು ಬರುವುದಿಲ್ಲ, ಮೇಲಿನ ಚಿತ್ರ ಓದಲು ನನಗೂ ಬರುವುದಿಲ್ಲ. ಮನೆಯಲ್ಲಿ ಪಟ ಇದ್ದು ಏನು ಬಂತು?" ಎಂದು ನೊಂದುಕೊಂಡರು. ಬರುವ ಭಾನುವಾರ ಬೆಂಗಳೂರಿಗೆ ಹೋಗಿ ಬರೋಣವೆಂದು ನಾನು ಹೇಳಿದೆ.

ಹೊಸೂರಿನಲ್ಲಿ ಬಸ್ಸು ಬದಲಿಸಿ, ಅತ್ತಿಬೆಲೆಯ ಗಡಿ ದಾಟಿ, ಹತ್ತು ಗಂಟೆಯ ಹೊತ್ತಿಗೆ ಶಿವಾಜಿನಗರದ ಸಂತ ಮರಿಯಮ್ಮನವರ ದೇವಾಲಯ ತಲುಪಿದೆವು. ಈಗಿನ ಕಟ್ಟಡದ ಕೆಲಸ 1875ರಲ್ಲಿ ಮೊದಲಾಗಿ 1882ರಲ್ಲಿ ಮುಗಿಯಿತು. 1974ರಲ್ಲಿ ಇದಕ್ಕೆ ಬಸಿಲಿಕದ ಪದವಿ ದೊರೆಯಿತು. ಚೂಪು ಕಮಾನುಗಳು, ಎತ್ತರದ ಗೋಪುರ, ಬಣ್ಣದ ಗಾಜಿನ ಕಿಟಕಿಗಳು ಯೂರೋಪಿನ ಗಾಥಿಕ್ ಶೈಲಿಯವು. ಆದರೆ ಇಲ್ಲಿನ ಮಾತೆ ಉಟ್ಟಿರುವುದು ಸೀರೆ. ಸೆಪ್ಟೆಂಬರ್ 8ರ ಜಾತ್ರೆಗೆ ಎಲ್ಲ ಮತದವರೂ ಬಂದು ಮೇಣದ ಬತ್ತಿ ಹಚ್ಚುತ್ತಾರೆ. ಸೀರೆಯುಟ್ಟು ನಮ್ಮವಳೇ ಆಗಿಹೋದ ಈ ತಾಯಿ ಹುಟ್ಟಿದ್ದು ಯೆಹೂದ್ಯರ ಮನೆಯಲ್ಲಿ. ಅವಳ ಹೆಸರಿನ ಹೀಬ್ರೂ ರೂಪ ಮಿರ್ಯಾಮ್, ಮೋಶೆಯ ಅಕ್ಕನ ಹೆಸರು.

ಪೂಜೆ ಮುಗಿದು ಜನ ಚೆದುರಿದ ಮೇಲೆ ಹಿಂದಿನ ಬೆಂಚಿನಲ್ಲಿ ಕುಳಿತು, ನನಗೆ ತಿಳಿದಷ್ಟನ್ನು ಮೇಷ್ಟ್ರಿಗೆ ಹೇಳತೊಡಗಿದೆ. ಕುರಿಮರಿಯ ಕಥೆ ಯೇಸುವಿಗಿಂತ ಬಹಳ ಹಳೆಯದು. ಐಗುಪ್ತದಲ್ಲಿ ದಾಸರಾಗಿದ್ದ ಇಸ್ರಾಯೇಲ್ಯರು ಬಿಡುಗಡೆಯ ರಾತ್ರಿ ಕಳಂಕವಿಲ್ಲದ, ಒಂದು ವರ್ಷದ ಮರಿಯನ್ನು ಕೊಯ್ದು, ಅದರ ರಕ್ತವನ್ನು ಬಾಗಿಲವಾಡದ ಎರಡು ಕಂಬಗಳಿಗೂ ಮೇಲಿನ ಪಟ್ಟಿಗೂ ಹಚ್ಚಿದರೆಂದು ವಿಮೋಚನಕಾಂಡ ಹೇಳುತ್ತದೆ. ಆ ಗುರುತಿದ್ದ ಮನೆಗಳನ್ನು ಮೃತ್ಯು ದಾಟಿಹೋಯಿತು. ಅದರ ನೆನಪೇ ಪಸ್ಕಹಬ್ಬ. ಯೇಸುವಿನ ಮರಣವೂ ಅದೇ ಹಬ್ಬದ ದಿನಗಳಲ್ಲಿ ನಡೆಯಿತು. ಅವನ ಮೊದಲ ಶಿಷ್ಯರು ಯೆಹೂದ್ಯರೇ ಆದ್ದರಿಂದ ತಮ್ಮ ದುಃಖವನ್ನು ತಮಗೆ ಬಲ್ಲ ನುಡಿಯಲ್ಲಿಯೇ ಹೇಳಿದರು: ಇವನೇ ನಮ್ಮ ಕುರಿಮರಿ ಎಂದರು. ಏಳು ಮುದ್ರೆಗಳ ಪುಸ್ತಕ ಬಂದದ್ದು ಹೊಸ ಒಡಂಬಡಿಕೆಯ ಕಡೆಯ ಗ್ರಂಥವಾದ ಪ್ರಕಟನೆಯಿಂದ. ಶಿಲುಬೆಯ ಧ್ವಜ ಪುನರುತ್ಥಾನದ ಜಯದ ಗುರುತು, ಕ್ರೈಸ್ತರು ಸೇರಿಸಿದ್ದು. ಧ್ವಜ ಹೊಸದು, ಮರಿ ಹಳೆಯದು.

ಮೇಷ್ಟ್ರು ಪೀಠದ ಬಳಿ ಉರಿಯುತ್ತಿದ್ದ ದೀಪವನ್ನು ತೋರಿಸಿದರು. ಅದಕ್ಕೂ ಹಳೆಯ ಬೇರುಂಟು: ಗುಡಾರದಲ್ಲಿ ದೀಪ ಸದಾ ಉರಿಯುತ್ತಿರಬೇಕೆಂಬ ವಿಧಿ ಮೋಶೆಯ ಶಾಸ್ತ್ರದಲ್ಲಿದೆ. ಯೆಹೂದ್ಯರ ಸಭಾಮಂದಿರಗಳಲ್ಲಿಯೂ ಅಂಥ ನಂದಾದೀಪ ಇಂದಿಗೂ ಇದೆ. ಸುವಾರ್ತಿಕರ ಗುರುತುಗಳಾದ ಮನುಷ್ಯ, ಸಿಂಹ, ಎತ್ತು, ಹದ್ದುಗಳು ಯೆಹೆಜ್ಕೇಲ ಪ್ರವಾದಿಯ ದರ್ಶನದಿಂದ ಬಂದವು. ಯೂಫ್ರೆಟಿಸ್ ನದಿಯ ದಡದ ದೂರಾ ಯುರೋಪಸ್ ಎಂಬ ಊರಿನಲ್ಲಿ ಕ್ರಿ.ಶ. ಮೂರನೆಯ ಶತಮಾನದ ಯೆಹೂದ್ಯ ಸಭಾಮಂದಿರವೂ ಕ್ರೈಸ್ತರ ಪ್ರಾರ್ಥನೆಯ ಮನೆಯೂ ಒಂದೇ ಕೋಟೆಯೊಳಗೆ ದೊರೆತಿವೆ; ಎರಡರ ಗೋಡೆಗಳ ಮೇಲೂ ಚಿತ್ರಗಳಿವೆ.

ಮುಂದಿನ ಕಥೆ ಅಷ್ಟು ಸುಖದ್ದಲ್ಲ. ಸುಮಾರು 1230ರಲ್ಲಿ ಸ್ಟ್ರಾಸ್‌ಬರ್ಗಿನ ಮಹಾದೇವಾಲಯದ ಬಾಗಿಲಲ್ಲಿ ಶಿಲ್ಪಿಗಳು ಇಬ್ಬರು ಸ್ತ್ರೀಯರನ್ನು ಕಡೆದರು. ಕಿರೀಟ ಧರಿಸಿದವಳು ಕ್ರೈಸ್ತಸಭೆ; ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ಮುರಿದ ಈಟಿ ಹಿಡಿದು ತಲೆ ತಗ್ಗಿಸಿದವಳು ಯೆಹೂದ್ಯಸಭೆ. ಯಾರ ಗ್ರಂಥದಿಂದ ಕುರಿಮರಿಯೂ ದೀಪವೂ ಬಂದವೋ ಅವರನ್ನೇ ಕುರುಡರೆಂದು ಕಲ್ಲಿನಲ್ಲಿ ನಿಲ್ಲಿಸಿದ್ದಾಯಿತು. ಯೇಸುವಿನ ಮರಣದ ಹೊಣೆಯನ್ನು ಇಡೀ ಯೆಹೂದ್ಯ ಜನಾಂಗದ ಮೇಲೆ ಹೊರಿಸಲಾಗದೆಂದು ಕಥೋಲಿಕ ಧರ್ಮಸಭೆ ಸ್ಪಷ್ಟವಾಗಿ ಸಾರಿದ್ದು 1965ರಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯ ಕಾಲಕ್ಕೆ. ಅಷ್ಟರೊಳಗೆ ಯೂರೋಪಿನಲ್ಲಿ ಅರವತ್ತು ಲಕ್ಷ ಯೆಹೂದ್ಯರ ಹತ್ಯೆಯೂ ನಡೆದುಹೋಗಿತ್ತು.

ಮೇಷ್ಟ್ರು ತುಸು ಹೊತ್ತು ಮಾತಾಡಲಿಲ್ಲ. ಬಳಿಕ ಶಿಲುಬೆಯ ಮೇಲಣ ಫಲಕದ ನಾಲ್ಕು ಅಕ್ಷರಗಳ ವಿಷಯ ಕೇಳಿದರು. ಐ.ಎನ್.ಆರ್.ಐ. ಎಂಬುದು ನಜರೇತಿನ ಯೇಸು ಯೆಹೂದ್ಯರ ಅರಸನೆಂಬ ಲ್ಯಾಟಿನ್ ಮಾತಿನ ಸಂಕ್ಷೇಪ. ಆದರೆ ಆ ಫಲಕವನ್ನು ಹೀಬ್ರೂ, ಲ್ಯಾಟಿನ್, ಗ್ರೀಕ್ ಈ ಮೂರು ಭಾಷೆಗಳಲ್ಲಿ ಬರೆದಿತ್ತೆಂದು ಯೊವಾನ್ನನ ಸುವಾರ್ತೆ ಹೇಳುತ್ತದೆ. "ಹಾಗಾದರೆ ಅವರ ಮನೆಮಾತೇ ಬಿಟ್ಟುಹೋಯಿತಲ್ಲ!" ಎಂದು ಮೇಷ್ಟ್ರು ಉದ್ಗರಿಸಿದರು. ಗಡಿನಾಡಿನವರಿಗೆ ಈ ಮಾತಿನ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಬ್ರೂ ಅಕ್ಷರ ಹೇಗಿರುತ್ತದೆಂದು ನೋಡುವ ಆಸೆ ಅವರಿಗೆ ಹುಟ್ಟಿತು. ಊಟ ಮುಗಿಸಿ ಮೈಸೂರು ರಸ್ತೆಯ ಕಡೆಗಿರುವ ಯೆಹೂದ್ಯರ ಸಣ್ಣ ಸ್ಮಶಾನಕ್ಕೆ ಹೋದೆವು. 1904ರಲ್ಲಿ ಮೈಸೂರು ಮಹಾರಾಜರು ಕೊಟ್ಟ ನೆಲವಿದು. ಕೊಂಕಣದಿಂದ ಬಂದ ಬೆನೆ ಇಸ್ರಾಯೇಲ್ ಪಂಗಡದವರೂ ಇಲ್ಲಿದ್ದಾರೆ. ತಮ್ಮ ಹಳ್ಳಿಯ ಹೆಸರಿಗೆ 'ಕರ್' ಸೇರಿಸಿ ಮನೆತನದ ಹೆಸರು ಮಾಡಿಕೊಂಡವರು ಅವರು. ಒಂದು ಕಲ್ಲಿನ ಮುಂದೆ ಮೇಷ್ಟ್ರು ಚಪ್ಪಲಿ ಬಿಟ್ಟು ನಿಂತರು. ಇಂಗ್ಲಿಷಿನ ಜೊತೆಗೆ ಬಲದಿಂದ ಎಡಕ್ಕೆ ಸಾಗುವ ಚೌಕನೆಯ ಅಕ್ಷರಗಳಿದ್ದವು. "ಓದಲು ಬಾರದಿದ್ದರೂ ಗುರುತು ಸಿಕ್ಕಿತು" ಎಂದಷ್ಟೇ ಅಂದರು.

ಕತ್ತಲಾದ ಮೇಲೆ ಊರು ಸೇರಿದೆವು. ಮರುದಿನ ಮೇಷ್ಟ್ರು ಪಟವನ್ನು ಗೋಡೆಯಿಂದಿಳಿಸಿ, ಧೂಳೊರಸಿ, ಹಿಂಬದಿಯ ಹಲಗೆಗೆ ಬಿಳಿಯ ಕಾಗದ ಅಂಟಿಸಿದರು. ಕುರಿಮರಿ ಯಾರ ಮನೆಯಿಂದ ಬಂತು, ಬಾಗಿಲವಾಡದ ರಕ್ತ ಯಾವುದು, ಧ್ವಜ ಯಾವುದು ಎಂಬುದನ್ನು ಮೊದಲು ಕನ್ನಡದಲ್ಲಿ, ಅದರ ಕೆಳಗೆ ತಮಿಳಿನಲ್ಲಿ ಬರೆದರು. ಹುಡುಗ ತಮಿಳನ್ನು ಗಟ್ಟಿಯಾಗಿ ಓದಿ ಮುಗಿಸಿದ. ಆಮೇಲೆ ಮೇಲಿನ ಸಾಲುಗಳ ಮೇಲೆ ಬೆರಳಿಟ್ಟು, "ಇದರ ಮೊದಲನೆಯ ಅಕ್ಷರ ಯಾವುದು ತಾತ?" ಎಂದು ಕೇಳಿದ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಅವನನ್ನು ಪಕ್ಕಕ್ಕೆ ಕೂರಿಸಿಕೊಂಡರು.