ಹನ್ನೊಂದರಲ್ಲಿ ಆರು

ಒಂದು ದ್ವೀಪ, ಅದರಲ್ಲೊಂದು ಕಣಿವೆ, ಅಲ್ಲಿ ಹನ್ನೊಂದು ಮರ. ಆ ಜಾತಿಯ ಬೆಳೆದ ಮರಗಳು ಕಾಡಲ್ಲಿ ಉಳಿದಿರೋದೇ ಅಷ್ಟು ಅಂದ್ಕೊಳ್ಳಿ. ಅದರಲ್ಲೂ ಐದು 'ಅಸಲಿ' ಅಲ್ಲ ಅಂತ ಗೊತ್ತಾದ್ರೆ?

ಲಾಸ್ ಏಂಜಲೀಸ್ ಎದುರಿನ ಸಮುದ್ರದಲ್ಲಿರೋ ಸಾಂಟಾ ಕ್ಯಾಟಲಿನಾ ದ್ವೀಪದ ಕಥೆ ಇದು. 1897ರಲ್ಲಿ ಬ್ಲಾಂಚ್ ಟ್ರಾಸ್ಕ್ ಅನ್ನೋ ಮಹಿಳೆ ಅಲ್ಲೊಂದು ಪುಟ್ಟ ಮರವನ್ನ ಗುರುತಿಸಿದರು. ಕ್ಯಾಟಲಿನಾ ಮಹೋಗನಿ. ಹೆಸರಷ್ಟೇ ಮಹೋಗನಿ, ಕುಟುಂಬ ಗುಲಾಬಿಯದು! ಆಗ ನಲವತ್ತರಷ್ಟು ಮರಗಳಿದ್ದವಂತೆ. ಮನುಷ್ಯರು ತಂದುಬಿಟ್ಟ ಆಡು, ಹಂದಿಗಳು ಚಿಗುರು ತಿಂದು, ಬುಡ ಕೆದಕಿ ಬೆರಳೆಣಿಕೆಗೆ ಇಳಿಸಿದವು.

ಬೇಲಿ ಹಾಕಿದ್ರೆ ಆಡು ನಿಲ್ಲುತ್ತೆ, ಗಾಳಿ ನಿಲ್ಲಲ್ಲ. ಈ ಮರದ ಪರಾಗ ಹಾರೋದು ಗಾಳಿಯಲ್ಲೇ. ದ್ವೀಪದಲ್ಲಿ ಇದರ ದಾಯಾದಿ ಜಾತಿಯೊಂದು ಬೇಕಾದಷ್ಟಿದೆ. ತನ್ನವರು ಕಮ್ಮಿಯಾದಷ್ಟೂ ದಾಯಾದಿ ಪರಾಗವೇ ಹೆಚ್ಚು ಬಂದು ಬೀಳುತ್ತೆ. ಹುಟ್ಟೋದು ಮಿಶ್ರತಳಿ. ನೋಡೋ ಕಣ್ಣಿಗೆ ವ್ಯತ್ಯಾಸ ಸುಲಭಕ್ಕೆ ಸಿಗಲ್ಲ.

1989ರಲ್ಲಿ ಲೋರೆನ್ ರೀಸ್‌ಬರ್ಗ್ ಮತ್ತು ಸಂಗಡಿಗರು ಎಲೆಗಳ ಕಿಣ್ವಗಳನ್ನ ಪರೀಕ್ಷಿಸಿದರು. ಎಲೆಯ ರಸವನ್ನ ಜೆಲ್ ಮೇಲೆ ಹಾಕಿ ವಿದ್ಯುತ್ ಹಾಯಿಸಿದ್ರೆ ಒಂದೊಂದು ಬಗೆಯ ಕಿಣ್ವ ಒಂದೊಂದು ದೂರ ಓಡುತ್ತೆ. ಮಿಶ್ರತಳಿಯಲ್ಲಿ ಅಪ್ಪನ ಗೆರೆಯೂ ಕಾಣುತ್ತೆ, ಅಮ್ಮನ ಗೆರೆಯೂ ಕಾಣುತ್ತೆ. ಫಲಿತಾಂಶ: ಹನ್ನೊಂದರಲ್ಲಿ ಶುದ್ಧವಾದವು ಆರೇ. ಈ ಪರೀಕ್ಷೆ ಇಲ್ಲದೆ ಸಿಕ್ಕ ಬೀಜವನ್ನೆಲ್ಲ ಬಿತ್ತಿದ್ದಿದ್ರೆ, ಕಾಪಾಡೋ ಕೈಯೇ ಆ ಜಾತಿಯನ್ನ ಅಳಿಸಿಬಿಡ್ತಿತ್ತು.

ಇದನ್ನ ಮೊದಲ ಸಲ ಓದಿದಾಗ 'ಮತ್ತಿನ್ನೇನು, ಆ ಐದನ್ನ ಕಡಿದುಹಾಕಿ' ಅನ್ನಿಸಿತ್ತು ನಂಗೆ. ಎಷ್ಟು ಸಲೀಸು! ಆಮೇಲೆ ಯೋಚನೆ ಬಂತು. ಆ ಐದರ ಅಸಲಿ ತಾಯಿಯೋ ತಂದೆಯೋ ಯಾವತ್ತೋ ಸತ್ತುಹೋದ ಮರ ಆಗಿದ್ರೆ? ಉಳಿದ ಆರರಲ್ಲಿ ಇಲ್ಲದ ಗುಣವೊಂದು ಆ ಮಿಶ್ರತಳಿಯಲ್ಲೇ ಉಳಿದಿದ್ರೆ? ಆರೇ ಮರಗಳ ಸಂಸಾರ ಅಂದ್ರೆ ಒಳಸಂಬಂಧದ ಮದುವೆಗಳೇ ತಾನೆ, ಮುಂದಿನ ತಲೆಮಾರು ಸೊರಗೋ ಭಯ ಇದ್ದೇ ಇದೆ.

ಯಾವುದು ಯಾವುದರ ಮಗು ಅಂತ ಜೆಲ್ ಮೇಲಿನ ಗೆರೆ ಹೇಳುತ್ತೆ. ಯಾವುದು ಬದುಕಬೇಕು ಅಂತ ಹೇಳಲ್ಲ. ಅದನ್ನ ನಾವೇ ಹೇಳಬೇಕು. ಆಡು ತಂದುಬಿಟ್ಟವರೂ ನಾವೇ ಅಲ್ವಾ...

ಈಗ ಯಾರಾದ್ರೂ ನನ್ನ ಕೈಗೆ ಕೊಡಲಿ ಕೊಟ್ರೆ ವಾಪಸ್ ಕೊಡ್ತೀನಿ. ಅಸಲಿ ಬೀಜವನ್ನ ಪರೀಕ್ಷೆ ಮಾಡಿಯೇ ಬಿತ್ತಲಿ, ಆ ಐದೂ ಬೇಲಿಯಾಚೆ ಎಲ್ಲಾದ್ರೂ ಬದುಕಿಕೊಳ್ಳಲಿ.

ನೀವಾಗಿದ್ರೆ ಏನು ಮಾಡ್ತಿದ್ರಿ?