ಡಬ್ಬಿಗಳಲ್ಲಿ ಬಂದ ಎಂಜಿನ್

ಸಹೋದರಿಯರೇ, ಮನೆ ಬದಲಾಯಿಸುವ ಕಷ್ಟ ಏನೆಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಹಿಟ್ಟಿನ ಡಬ್ಬಿ, ಹಂಚು, ಕೌದಿ, ಮದುವೆಯಲ್ಲಿ ಕೊಟ್ಟ ಟ್ರಂಕು, ಮಕ್ಕಳ ಹಳೆಯ ಪುಸ್ತಕ ಎಲ್ಲವನ್ನೂ ಕಟ್ಟಿ ಏರಿಸಿ ಇಳಿಸುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತದೆ. ಗಂಡಸರು "ಟೆಂಪೋ ಬಂತು, ಬೇಗ ಬೇಗ" ಎನ್ನುತ್ತಾರೆ. ಯಾವ ಗಂಟಿನಲ್ಲಿ ಏನಿದೆ ಎಂಬುದು ಮಾತ್ರ ನಮ್ಮ ತಲೆಯಲ್ಲೇ ಇರಬೇಕು. ಕಳೆದ ವರ್ಷ ನಾವು ತಾಂಬಾದಿಂದ ವಿಜಯಪುರಕ್ಕೆ ಮನೆ ಬದಲಾಯಿಸಿದಾಗ ನಮ್ಮ ಸಾಮಾನಿನ ಜೊತೆ ಒಂದು ಎಂಜಿನ್ ಕೂಡ ಇತ್ತು. ಅದೂ ಪೂರ್ತಿ ಬಿಚ್ಚಿ ಹರಡಿದ್ದು.

ನಮ್ಮವರು ಮೊದಲಿನಿಂದಲೂ ಎಂಜಿನ್ ಮನುಷ್ಯ. ತಾಂಬಾ ಇಂಡಿ ತಾಲೂಕಿನ ದೊಡ್ಡ ಹಳ್ಳಿ. ಎರೆಭೂಮಿಯಲ್ಲಿ ಜೋಳ, ತೊಗರಿ, ನೀರಿದ್ದಲ್ಲಿ ಲಿಂಬೆ. ಒಂದು ಕಾಲಕ್ಕೆ ಬಾವಿಗಳ ದಂಡೆಯಲ್ಲಿ ಡೀಸೆಲ್ ಎಂಜಿನ್‌ಗಳು ಟುಕ್ ಟುಕ್ ಎನ್ನುತ್ತಿದ್ದವು. ಹೆಚ್ಚಿನವು ಕಿರ್ಲೋಸ್ಕರ್. ಆ ಕಂಪನಿಯ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು 1888ರಲ್ಲಿ ನಮ್ಮ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು ಮೇಲೆ ಬಂದವರು ಎಂದು ನಮ್ಮ ಮಾವ ಹೆಮ್ಮೆಯಿಂದ ಹೇಳುತ್ತಿದ್ದರು, ತಮ್ಮ ಸಂಬಂಧಿಕರೇನೋ ಎಂಬಂತೆ! ಮಾವನ ಕೈಕೆಳಗೆ ನಮ್ಮವರು ಕಲಿತರು. ಎಂಜಿನ್ ಕೆಟ್ಟರೆ ಸುತ್ತಲಿನ ಹಳ್ಳಿಯವರು ನಡುರಾತ್ರಿಯಲ್ಲೂ ಬಾಗಿಲು ಬಡಿಯುತ್ತಿದ್ದರು. ಆಮೇಲೆ ಬೋರ್‌ವೆಲ್ ಬಂತು, ನೀರೊಳಗೆ ಇಳಿಬಿಡುವ ಕರೆಂಟಿನ ಮೋಟಾರು ಬಂತು. ಮೋಟಾರು ಸುಟ್ಟರೆ ತಂತಿ ಸುತ್ತುವವನ ಬಳಿ ಹೋಗುತ್ತಾರೆ, ಎಂಜಿನ್ ಮೇಸ್ತ್ರಿಯ ಬಳಿ ಅಲ್ಲ. ಬಾಗಿಲು ಬಡಿಯುವವರು ಕಡಿಮೆಯಾದರು. ಗಂಡಸಿಗೆ ಕೈಯಲ್ಲಿ ವಿದ್ಯೆ ಇದ್ದೂ ಕೇಳುವವರಿಲ್ಲದಾಗ ಮನೆಯಲ್ಲಿ ಎಂಥ ಮೌನ ತುಂಬುತ್ತದೆ ಎಂಬುದು ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರುತ್ತದೆ.

ಆ ಮೌನದ ದಿನಗಳಲ್ಲೇ ನಾಲ್ಕು ಗಾಲಿಯ ಬೈಕಿನ ಹುಚ್ಚು ಶುರುವಾಯಿತು. ಸಮುದ್ರದ ದಂಡೆಯಲ್ಲಿ ಪ್ರವಾಸಿಗರು ಕುಳಿತು ಓಡಿಸುವ ದಪ್ಪ ಟೈರಿನ ಗಾಡಿಯನ್ನು ನೀವು ನೋಡಿರಬಹುದು. ಕ್ವಾಡ್ ಬೈಕ್ ಎನ್ನುತ್ತಾರೆ. ಅಂಥದೊಂದನ್ನು ಹೊಲಕ್ಕೆಂದು ತಾವೇ ಕಟ್ಟಬೇಕೆಂದು ಇವರೂ ಮೂವರು ಗೆಳೆಯರೂ ನಿಶ್ಚಯಿಸಿದರು. ಒಬ್ಬರು ಲಿಂಬೆ ತೋಟದ ರೈತರು, ಒಬ್ಬರು ಕನ್ನಡ ಶಾಲೆಯ ಮಾಸ್ತರರು, ಇನ್ನೊಬ್ಬರು ಲಾರಿ ಡ್ರೈವರ್. ಅಮಾವಾಸ್ಯೆಯ ದಿನ ನಮ್ಮ ಕಡೆ ರೈತರು ಎತ್ತು ಹೂಡುವುದಿಲ್ಲ, ಆದ್ದರಿಂದ ಅಮಾವಾಸ್ಯೆಯೇ ಇವರ ಕೂಟದ ದಿನ. ಮಳೆಗಾಲದಲ್ಲಿ ಎರೆಮಣ್ಣು ಹೇಗೆಂದರೆ ಚಪ್ಪಲಿಗೆ ಹತ್ತಿ ಹತ್ತಿ ಕಾಲು ಎತ್ತಲಾಗುವುದಿಲ್ಲ. ಸೈಕಲ್ ಮೋಟಾರಿನ ಮಡ್‌ಗಾರ್ಡ್ ತುಂಬಿ ಗಾಲಿಯೇ ನಿಂತುಬಿಡುತ್ತದೆ. ಅಂಥ ಕೆಸರಲ್ಲಿ ಲಿಂಬೆಯ ಚೀಲ ಹೊತ್ತು ಬದುವಿನ ಮೇಲೆ ಬರುವಂಥ ಗಾಡಿ ಬೇಕು ಎಂಬುದು ರೈತ ಗೆಳೆಯರ ಆಸೆ. ಉಳಿದವರಿಗೆ ಬೇಕಾಗಿದ್ದದ್ದು ಎಂಜಿನ್ ಬಿಚ್ಚುವ ನೆಪ, ಅಷ್ಟೆ.

ಗುಜರಿಯಲ್ಲಿ ಒಂದು ಯೆಜ್ಡಿ ಸಿಕ್ಕಿತು. ಹಿಂದೆ ಮೈಸೂರಿನಲ್ಲಿ ಐಡಿಯಲ್ ಜಾವಾ ಎಂಬ ಕಾರ್ಖಾನೆ ಇತ್ತಲ್ಲ, 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಮುಚ್ಚಿದ್ದು, ಅಲ್ಲಿ ತಯಾರಾದ ಗಾಡಿ. 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಕಿಕ್ ಹೊಡೆಯುವ ಕೋಲನ್ನೇ ಮುಂದಕ್ಕೆ ಮಡಚಿದರೆ ಗೇರಿನ ಕೋಲಾಗುತ್ತದೆ. ಈ ಜಾಣತನವನ್ನು ನಮ್ಮವರು ಬಂದ ಅತಿಥಿಗಳಿಗೆಲ್ಲ ತೋರಿಸುತ್ತಿದ್ದರು, ಚಹಾ ಆರಿ ಹೋಗುವವರೆಗೆ.

ಕಬ್ಬಿಣದ ಪೈಪಿನ ಚೌಕಟ್ಟು ತಯಾರಾಯಿತು. ಎಂಜಿನ್ನಿನಿಂದ ಚೈನು ಹಿಂದಿನ ಅಚ್ಚಿಗೆ ಹೋಗುತ್ತದೆ. ಎರಡೂ ಹಿಂಗಾಲಿಗಳು ಒಂದೇ ಅಚ್ಚಿಗೆ ಬಿಗಿದಿವೆ. ನಮ್ಮ ದೊಡ್ಡ ಮಗಳು ಆಗ ಒಂಬತ್ತನೆಯ ತರಗತಿ. ಅವಳು ಕೇಳಿದಳು, "ಅಬ್ಬಾ, ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಹೋಗಬೇಕು, ಒಳಗಿನದು ಕಡಿಮೆ. ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ತಿರುಗುವುದು ಹೇಗೆ?" ನಮ್ಮವರಿಗೆ ಇಂಥ ಪ್ರಶ್ನೆ ಕೇಳುವವರು ಸಿಕ್ಕು ಎಷ್ಟು ವರ್ಷವಾಗಿತ್ತೋ! ಅಂದು ರಾತ್ರಿ ಊಟ ತಣ್ಣಗಾಯಿತು. ಕಾರು, ಆಟೋಗಳಲ್ಲಿ ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ನಡುವೆ ಡಿಫರೆನ್ಷಿಯಲ್ ಇರುತ್ತದೆ. ಆದರೆ ಒಂದು ಗಾಲಿ ಕೆಸರಲ್ಲಿ ಜಾರಿದರೆ ಅದೊಂದೇ ಗಿರಗಿರ ತಿರುಗಿ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಸುಮ್ಮನೆ ನಿಲ್ಲುತ್ತದೆ. ಬಿಗಿದ ಅಚ್ಚಿನಲ್ಲಿ ಹಾಗಾಗದು, ಒಂದು ಜಾರಿದರೂ ಇನ್ನೊಂದು ನೂಕುತ್ತದೆ. ಮೆತ್ತನೆಯ ಮಣ್ಣಿನಲ್ಲಿ ತಿರುಗುವಾಗ ಒಳಗಾಲಿ ತುಸು ಜಾರಿಕೊಂಡು ಲೆಕ್ಕ ಸರಿಮಾಡಿಕೊಳ್ಳುತ್ತದೆ. ಡಾಂಬರಿನ ಮೇಲೆ ಜಾರಲು ಆಗುವುದಿಲ್ಲ, ಆಗ ಗಾಡಿ ಮೊಂಡು ಹಿಡಿದು ನೇರ ಹೋಗುತ್ತದೆ, ಇಲ್ಲವೇ ಪಕ್ಕಕ್ಕೆ ಎತ್ತಿಹಾಕುತ್ತದೆ. ನಾನು ರೊಟ್ಟಿ ಬಡಿಯುತ್ತಲೇ ಇದನ್ನೆಲ್ಲ ಕೇಳಿ ಕಲಿತವಳು.

ಎತ್ತಿಹಾಕುವ ಮಾತು ಬಂದದ್ದರಿಂದ ಇದನ್ನು ಹೇಳಲೇಬೇಕು, ಮಕ್ಕಳಿರುವ ಮನೆಯವರು ದಯವಿಟ್ಟು ಗಮನಿಸಿ. ಇಂಥ ಗಾಡಿಗಳು ಮೊದಲು ಮೂರು ಗಾಲಿಯವಾಗಿದ್ದವು. ಜಪಾನಿನ ಹೋಂಡಾ ಕಂಪನಿ 1970ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ತಂದಿತು. ಮಗುಚಿ ಬಿದ್ದು ಸತ್ತವರಲ್ಲಿ, ಕೈಕಾಲು ಮುರಿದುಕೊಂಡವರಲ್ಲಿ ಮಕ್ಕಳೂ ಬಹಳ ಮಂದಿ. 1988ರಲ್ಲಿ ಅಲ್ಲಿನ ಸರಕಾರದೊಂದಿಗೆ ಒಪ್ಪಂದವಾಗಿ ಮೂರು ಗಾಲಿಯವುಗಳ ಮಾರಾಟ ನಿಂತಿತು. ನಾಲ್ಕು ಗಾಲಿಯದೂ ಮಗುಚದೇ ಇರುವುದಿಲ್ಲ. 16 ವರ್ಷದೊಳಗಿನವರು ಇದನ್ನು ಮುಟ್ಟಲೇಬಾರದು ಎಂದು ಅಲ್ಲಿನ ಮಕ್ಕಳ ವೈದ್ಯರ ಸಂಘ ಹೇಳುತ್ತ ಬಂದಿದೆ. ಇದನ್ನು ಮಾಸ್ತರರು ಓದಿ ಹೇಳಿದ ದಿನವೇ ನಮ್ಮ ಅತ್ತೆ ಆಜ್ಞೆ ಹೊರಡಿಸಿದರು: ಮಕ್ಕಳು ಹತ್ತುವಂತಿಲ್ಲ, ಹಿಂದೆ ಯಾರೂ ಕೂರುವಂತಿಲ್ಲ, ಹೆಲ್ಮೆಟ್ ಇಲ್ಲದೆ ಕೀಲಿ ಇಲ್ಲ. ಕೀಲಿ ಇರುತ್ತಿದ್ದದ್ದು ಅವರ ಎಲೆಯಡಿಕೆಯ ಚೀಲದಲ್ಲಿ. ನಲವತ್ತೈದು ದಾಟಿದ ಮಗ ತಾಯಿಯ ಮುಂದೆ ಕೈಚಾಚಿ ನಿಲ್ಲುವುದನ್ನು ನೋಡುವುದೇ ಒಂದು ಸೊಗಸು. ಇನ್ನು ರಸ್ತೆಗಂತೂ ಇಳಿಸುವ ಹಾಗೇ ಇಲ್ಲ. ಮನೆಯಲ್ಲಿ ಕಟ್ಟಿದ ಇಂಥ ಗಾಡಿಗೆ ನೋಂದಣಿ ಇಲ್ಲ, ವಿಮೆಯೂ ಇಲ್ಲ. ಹೊಲದಿಂದ ಹೊಲಕ್ಕೆ ಒಯ್ಯಬೇಕಾದರೆ ಟ್ರ್ಯಾಕ್ಟರಿನ ಟ್ರೇಲರ್ ಮೇಲೆಯೇ.

ಹೀಗಿರುವಾಗ ಅತ್ತೆಯ ಕಿಡ್ನಿ ಕೆಟ್ಟಿತು. ವಾರಕ್ಕೆ ಎರಡು ಸಲ ಡಯಾಲಿಸಿಸ್, ಒಂದೊಂದು ಸಲಕ್ಕೆ ನಾಲ್ಕು ತಾಸು. ಬೆಳಗಿನ ಬಸ್ಸಿಗೆ ವಿಜಯಪುರಕ್ಕೆ ಹೋಗಿ ಸಂಜೆ ಮರಳುವಾಗ ಅವರ ಮುಖ ಸುಣ್ಣದಂತಾಗಿರುತ್ತಿತ್ತು. ಸೀಟು ಸಿಗದ ದಿನ ಬಸ್ಸಿನ ನೆಲದ ಮೇಲೆ ಕೂತು ಬಂದದ್ದೂ ಉಂಟು. ಐದು ತಿಂಗಳು ಹೀಗೆ ನಡೆಯಿತು. ಮಗಳ ಎಸ್ಸೆಸ್ಸೆಲ್ಸಿಯೂ ಮುಗಿದಿತ್ತು, ಅವಳಿಗೆ ವಿಜ್ಞಾನವೇ ಬೇಕು. ಊರು ಬಿಡುವುದೆಂದಾಯಿತು. ನಮ್ಮವರಿಗೆ ಒಂದು ಪಂಪಿನ ಅಂಗಡಿಯಲ್ಲಿ ಕೆಲಸ ಸಿಕ್ಕಿತು, ಸಂಬಳಕ್ಕೆ. ಜೀವಮಾನದಲ್ಲಿ ಮೊದಲ ಸಲ ಇನ್ನೊಬ್ಬರ ಕೈಕೆಳಗೆ.

ಮನೆ ಮುಂಗಡಕ್ಕೆ 50,000 ಬೇಕಿತ್ತು, ನಮ್ಮಲ್ಲಿದ್ದದ್ದು 41,000. ಅದೇ ವಾರ ಗುಜರಿಯವನು ಬಾಗಿಲಿಗೆ ಬಂದ. "ಭಾಬಿ, ಎಂಜಿನ್ ಬಿಚ್ಚೇ ಬಿಟ್ಟೀರಿ, ಇನ್ನೇನು ಕೂಡಸ್ತಾರ? ಕಿಲೋ ಲೆಕ್ಕದಾಗ ಹಾಕಿಬಿಡ್ರಿ" ಎಂದ. ಮನೆಯಲ್ಲಿ ಯಾರೂ ಮಾತಾಡಲಿಲ್ಲ. ನಮ್ಮವರು ಎದ್ದು ಹಿತ್ತಲಿಗೆ ಹೋದರು. ಎಂಜಿನ್ ಹೊಗೆ ಹೆಚ್ಚು ಬಿಡುತ್ತಿತ್ತೆಂದು ಬಿಚ್ಚಿ, ಸಿಲಿಂಡರನ್ನು ಬೋರ್ ಮಾಡಲು ವಿಜಯಪುರದ ಲೇತಿಗೆ ಕೊಟ್ಟಿದ್ದರು. ಉಳಿದ ಭಾಗಗಳೆಲ್ಲ ಪಡಸಾಲೆಯಲ್ಲಿ ಗೋಣಿಯ ಮೇಲೆ ಮಲಗಿದ್ದವು. ನಾನು ತಕ್ಕಡಿಯ ಲೆಕ್ಕ ಹಾಕಿಸಿದೆ. ಮುಂಗಡದ ಕೊರತೆಯಲ್ಲಿ ಕಾಲು ಭಾಗವೂ ತುಂಬುತ್ತಿರಲಿಲ್ಲ. ಅಷ್ಟಕ್ಕಾಗಿ ಒಬ್ಬ ಮನುಷ್ಯನ ಹತ್ತು ಬೆರಳನ್ನು ತೂಕಕ್ಕೆ ಹಾಕಬೇಕೇ? ಅತ್ತೆ ಮಂಚದಿಂದಲೇ ಹೇಳಿದರು: "ಊರು ಹೋಯಿತು, ಅಂಗಡಿ ಹೋಯಿತು. ಇದೊಂದಾದರೂ ಅವನಿಗಿರಲಿ." ನನ್ನ ಒಂದು ಜೊತೆ ಕಿವಿಯೋಲೆ ಅಡವಿಟ್ಟು ಮುಂಗಡ ಪೂರ್ತಿ ಮಾಡಿದೆವು. ಇದನ್ನು ತ್ಯಾಗ ಗೀಗ ಎಂದುಕೊಳ್ಳಬೇಡಿ. ಆರು ತಿಂಗಳಲ್ಲಿ ಬಿಡಿಸಿಕೊಟ್ಟಿದ್ದಾರೆ, ನಾನೇ ಲೆಕ್ಕ ಬರೆದಿಟ್ಟಿದ್ದೆ.

ಹೊಸ ಮನೆಯ ಯಜಮಾನರಿಗೆ ಗ್ಯಾರೇಜಿನ ಸಾಮಾನು ಬೇಡವಾಗಿತ್ತು. ಅಂಗಳದಲ್ಲಿ ಆಯಿಲ್ ಚೆಲ್ಲುತ್ತದೆ, ಸದ್ದಾಗುತ್ತದೆ ಎಂದು ಅವರ ತಕರಾರು, ಅದೂ ನ್ಯಾಯವೇ. ನಾನು ಅವರ ಮನೆಯಾಕೆಯ ಬಳಿ ಹೋಗಿ ಮಾತಾಡಿದೆ. ಚೌಕಟ್ಟು ತಾಂಬಾದಲ್ಲೇ ಲಿಂಬೆ ತೋಟದ ಶೆಡ್ಡಿನಲ್ಲಿರುತ್ತದೆ, ಇಲ್ಲಿಗೆ ಬರುವುದು ಡಬ್ಬಿಗಳು ಮಾತ್ರ, ಒಮ್ಮೆಯೂ ಇಲ್ಲಿ ಚಾಲೂ ಮಾಡುವುದಿಲ್ಲ ಎಂದು ಮಾತು ಕೊಟ್ಟೆ. ಆಕೆ ನಕ್ಕು, "ನಮ್ಮ ಮನಿಯವರದು ಪಾರಿವಾಳದ ಹುಚ್ಚರೀ ಅಕ್ಕಾರ, ನಿಮ್ಮದು ಸದ್ದರ ಮಾಡೂದಿಲ್ಲ" ಎಂದರು.

ಇನ್ನು ಕಟ್ಟುವ ಕೆಲಸ. ನಮ್ಮವರು ಎಲ್ಲವನ್ನೂ ಒಂದೇ ಗೋಣಿಚೀಲಕ್ಕೆ ಸುರಿಯಲು ಹೊರಟಿದ್ದರು, ತಮಗೆಲ್ಲ ನೆನಪಿದೆ ಎಂದು. ನಾನು ಮತ್ತು ಮಗಳು ಚೀಲ ಕಸಿದುಕೊಂಡೆವು. ಮಸಾಲೆಯನ್ನು ಬೇರೆ ಬೇರೆ ಡಬ್ಬಿಯಲ್ಲಿ ಇಡುವ ಕೈಗೆ ಇದೇನು ದೊಡ್ಡದು? ಗೇರಿನ ಹಲ್ಲುಚಕ್ರಗಳು ಬಿಸ್ಕತ್ತಿನ ಡಬ್ಬಿಗೆ, ಕ್ಲಚ್ ಪ್ಲೇಟುಗಳು ತೆಗೆದ ಕ್ರಮದಲ್ಲೇ ದಾರದಲ್ಲಿ ಪೋಣಿಸಿ ಹಳೆಯ ದುಪಟ್ಟಾದ ತುಂಡಿಗೆ, ನಟ್ಟು ಬೋಲ್ಟುಗಳು ಅತ್ತೆಯ ಖಾಲಿ ಔಷಧಿ ಡಬ್ಬಿಗಳಿಗೆ. ಬೇರಿಂಗಿಗೆ ಧೂಳು ತಾಗಬಾರದೆಂದು ಎಣ್ಣೆ ಸವರಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದೆವು. ಕಾಗದದ ಗ್ಯಾಸ್ಕೆಟ್‌ಗಳನ್ನು ಮಗಳು ತನ್ನ ನಕಾಶೆ ಪುಸ್ತಕದ ನಡುವೆ ಇಟ್ಟಳು. ಪ್ರತಿ ಡಬ್ಬಿಯ ಮೇಲೂ ಚೀಟಿ, ನೋಟ್‌ಬುಕ್ಕಿನಲ್ಲಿ ಚಿತ್ರ. ಪಿಸ್ಟನ್ನಿನ ರಿಂಗಿನ ಗಾಡಿಯಲ್ಲಿ ಒಂದು ಚಿಕ್ಕ ಮೊಳೆ ಇರುತ್ತದೆ, ರಿಂಗಿನ ಬಾಯಿ ಅಲ್ಲೇ ಕೂರಬೇಕು, ತಪ್ಪಿದರೆ ಸಿಲಿಂಡರಿನ ಕಿಂಡಿಗೆ ಸಿಕ್ಕಿ ಮುರಿಯುತ್ತದೆ ಎಂದು ಅವಳು ಕೆಂಪು ಪೆನ್ನಿನಲ್ಲಿ ಬರೆದಿದ್ದಳು. ಟೆಂಪೋದಲ್ಲಿ ಇಪ್ಪತ್ತಾರು ಡಬ್ಬಿ ಏರಿದವು, ಇಪ್ಪತ್ತಾರೂ ಇಳಿದವು. ನನ್ನ ಪಿಂಗಾಣಿ ಬಟ್ಟಲುಗಳಲ್ಲಿ ಎರಡು ಒಡೆದವು, ಅದು ಬೇರೆ ಮಾತು.

ಲೇತಿನಿಂದ ಸಿಲಿಂಡರ್ ಬರಲು ತಡವಾಯಿತು. ಕೊನೆಗೆ ಒಂದು ಭಾನುವಾರ ಅಡುಗೆಮನೆಯ ಮೂಲೆಯಲ್ಲಿ ಹಾಸಿದ ಹಳೆಯ ಚಾದರದ ಮೇಲೆ ಅಪ್ಪ ಮಗಳು ಕೂತರು. ಇವಳು ನೋಟ್‌ಬುಕ್ ನೋಡಿ ಹೇಳುವುದು, ಅವರು ಜೋಡಿಸುವುದು. ಪಂಪಿನ ಅಂಗಡಿಯಲ್ಲಿ ವಾರವೆಲ್ಲ "ಹೂಂ" ಎಂದಷ್ಟೇ ಮಾತಾಡಿ ಬರುತ್ತಿದ್ದವರು ಅಂದು ಬಾಯಿ ಮುಚ್ಚಲಿಲ್ಲ. ಎಂಜಿನಿಯರಿಂಗ್ ಓದುವ ಹುಡುಗರು ಇಂಥ ಕೆಸರಿನ ಗಾಡಿ ಕಟ್ಟಿ ಓಡಿಸುವ ಬಾಹಾ ಎಂಬ ಸ್ಪರ್ಧೆ 2007ರಿಂದ ನಮ್ಮ ದೇಶದಲ್ಲಿ ನಡೆಯುತ್ತಿದೆ, ಮಧ್ಯಪ್ರದೇಶದ ಪೀತಂಪುರದಲ್ಲಿ ಶುರುವಾದದ್ದು. ಹುಡುಗಿಯರೇ ಇರುವ ತಂಡಗಳೂ ಅದರಲ್ಲಿ ಭಾಗವಹಿಸಿವೆ. ಮಗಳು ಇದನ್ನು ಎಲ್ಲಿಂದಲೋ ತಿಳಿದುಕೊಂಡು ಗೋಡೆಗೆ ಬರೆದು ಅಂಟಿಸಿದ್ದಾಳೆ. ಫೀಸಿನ ಮಾತು ನಾವಿನ್ನೂ ಆಡಿಲ್ಲ. ಆಡಬೇಕು.

ಮುಂದಿನ ಅಮಾವಾಸ್ಯೆಗೆ ನಮ್ಮವರು ಎಂಜಿನ್ ಹೊತ್ತು ತಾಂಬಾಕ್ಕೆ ಹೋದರು. ಅದು ಅತ್ತೆಯ ಡಯಾಲಿಸಿಸ್ ದಿನವೂ ಹೌದು, ಅವರ ಜೊತೆ ನಾನಿದ್ದೆ. ಮೂರನೆಯ ತಾಸಿನಲ್ಲಿ ಫೋನು ಬಂತು. "ಅಮ್ಮಿಗೆ ಕೊಡು" ಎಂದರು. ಅತ್ತೆಯ ಕಿವಿಗೆ ಹಿಡಿದೆ. ನನಗೂ ಕೇಳುವಷ್ಟು ಜೋರಾಗಿತ್ತು ಆ ಸದ್ದು, ಪಕ್ಕದ ಮಂಚದವರೂ ತಿರುಗಿ ನೋಡಿದರು. ಅತ್ತೆ ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. ನಲವತ್ತು ವರ್ಷ ಬಾವಿಯ ದಂಡೆಯ ಎಂಜಿನ್ ಸದ್ದಿನಲ್ಲಿ ಬಾಳಿದವರು ಅವರು.

"ಸದ್ದು ಸ್ವಲ್ಪ ಒಡೆಯುತ್ತಿದೆ. ಪಾಯಿಂಟ್ ಇನ್ನೊಮ್ಮೆ ನೋಡಿಕೋ" ಎಂದು ಹೇಳಿ ಫೋನು ನನ್ನ ಕೈಗಿಟ್ಟರು.

ಬಿಚ್ಚಿ ನೋಡಿದರಂತೆ. ಪಾಯಿಂಟಿನ ಸಂದು ಕೂದಲೆಳೆಯಷ್ಟು ಹೆಚ್ಚಾಗಿತ್ತಂತೆ.